ಫ್ಲ್ಯಾಮಬಲ್ ಅಂದರೂ ಉರಿಯುತ್ತದೆ, ಇನ್‌ಫ್ಲ್ಯಾಮಬಲ್ ಅಂದರೂ ಉರಿಯುತ್ತದೆ, ಇದು ಹೇಗೆ?

ಇಂಗ್ಲಿಷ್ ಪದಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆ ಇದು. ಪೆಟ್ರೋಲ್ ಟ್ಯಾಂಕರಿನ ಬೆನ್ನಿಗೆ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದು ಬರೆದಿರುತ್ತಾರೆ. ಸ್ಯಾನಿಟೈಸರ್ ಬಾಟಲಿಯ ಮೇಲೆ, ಡಿಯೋಡರೆಂಟ್ ಡಬ್ಬಿಯ ಮೇಲೆ ‘ಫ್ಲ್ಯಾಮಬಲ್’ ಎಂದಿರುತ್ತದೆ. ಫ್ಲ್ಯಾಮಬಲ್ ಅಂದರೆ ಬೆಂಕಿ ಹತ್ತುವಂಥದ್ದು. ಹಾಗಾದರೆ ಇನ್‌ಫ್ಲ್ಯಾಮಬಲ್ ಅಂದರೆ ಬೆಂಕಿ ಹತ್ತದೇ ಇರುವಂಥದ್ದು ಆಗಬೇಕಲ್ಲ? ವಿಸಿಬಲ್‌ಗೆ ಇನ್‌ವಿಸಿಬಲ್, ಕಂಪ್ಲೀಟ್‌ಗೆ ಇನ್‌ಕಂಪ್ಲೀಟ್ ಇದ್ದ ಹಾಗೆ?

ಆಗುವುದಿಲ್ಲ. ಎರಡೂ ಪದಗಳ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು. ಒಂದು ಹೆಚ್ಚು ಅಪಾಯ, ಇನ್ನೊಂದು ಕಡಿಮೆ ಅಪಾಯ ಎಂಬ ವ್ಯತ್ಯಾಸವೂ ಇಲ್ಲ. ‘ಇನ್‌ಫ್ಲ್ಯಾಮಬಲ್ ಅಂದರೆ ತಾನಾಗಿಯೇ ಹೊತ್ತಿಕೊಳ್ಳುವುದು, ಫ್ಲ್ಯಾಮಬಲ್ ಅಂದರೆ ಕಿಡಿ ತಾಗಿಸಿದರೆ ಹೊತ್ತಿಕೊಳ್ಳುವುದು’ ಎಂಬ ವಿವರಣೆಯೊಂದು ಸಾಮಾನ್ಯ ಜ್ಞಾನದ ಹೆಸರಿನಲ್ಲಿ ಓಡಾಡುತ್ತಿದೆ. ಅದಕ್ಕೆ ಬುಡವಿಲ್ಲ. ತಾನಾಗಿಯೇ ಹೊತ್ತಿಕೊಳ್ಳುವ ವಸ್ತುವಿಗೆ ಪೈರೋಫೋರಿಕ್ ಎಂಬ ಬೇರೆಯೇ ಪದವಿದೆ. ಬಿಳಿ ರಂಜಕ ಅಂಥದ್ದು, ಆದ್ದರಿಂದಲೇ ಅದನ್ನು ನೀರಿನೊಳಗೆ ಇಡುತ್ತಾರೆ. ಬೆಂಕಿ ಹತ್ತದ ವಸ್ತುವಿಗೆ ಹೇಳಬೇಕಾದ್ದು ನಾನ್‌ಫ್ಲ್ಯಾಮಬಲ್ ಎಂದು.

ಗೊಂದಲದ ಬೇರು ಇರುವುದು ‘ಇನ್’ ಎಂಬ ಆ ಪುಟ್ಟ ತುಣುಕಿನಲ್ಲಿ. ಇಂಗ್ಲಿಷಿಗೆ ಲ್ಯಾಟಿನ್‌ನಿಂದ ಒಂದಲ್ಲ, ಎರಡು ‘ಇನ್’ಗಳು ಬಂದಿವೆ. ರೂಪದಲ್ಲಿ ಅವಳಿಗಳು, ಹುಟ್ಟಿನಲ್ಲಿ ಸಂಬಂಧವೇ ಇಲ್ಲ. ಒಂದು ಇಲ್ಲ ಎನ್ನುವ ‘ಇನ್’. ಇದು ನಮಗೆ ಚೆನ್ನಾಗಿಯೇ ಪರಿಚಯವಿರುವ ಮನೆತನದ್ದು. ಸಂಸ್ಕೃತದ ‘ಅ’ ಮತ್ತು ‘ಅನ್’ (ಅಸಾಧ್ಯ, ಅನರ್ಹ), ಗ್ರೀಕಿನ ‘ಅ’ ಮತ್ತು ‘ಅನ್’, ಇಂಗ್ಲಿಷಿನ ಸ್ವಂತದ ‘ಅನ್’ (ಅನ್‌ಹ್ಯಾಪಿ) ಮತ್ತು ಲ್ಯಾಟಿನ್‌ನ ಈ ‘ಇನ್’ ಎಲ್ಲವೂ ಒಂದೇ ಮೂಲದ ಕವಲುಗಳು. ಇನ್ನೊಂದು ಒಳಗೆ, ಮೇಲೆ, ಕಡೆಗೆ ಎನ್ನುವ ‘ಇನ್’. ಇನ್‌ಸರ್ಟ್, ಇನ್‌ಹೇಲ್, ಇನ್‌ಜೆಕ್ಟ್ ಮುಂತಾದವುಗಳಲ್ಲಿ ಇರುವುದು ಇದು. ಕ್ರಿಯಾಪದಕ್ಕೆ ಅಂಟಿಕೊಂಡಾಗ ಇದು ಎಷ್ಟೋ ಸಲ ‘ಒಳಗೆ’ ಎಂಬ ಅರ್ಥವನ್ನೂ ಬಿಟ್ಟುಕೊಟ್ಟು, ಒಂದು ಸ್ಥಿತಿಗೆ ತರುವುದು ಎಂಬಷ್ಟಕ್ಕೆ ನಿಲ್ಲುತ್ತದೆ.

ಇನ್‌ಫ್ಲ್ಯಾಮಬಲ್‌ನಲ್ಲಿರುವುದು ಈ ಎರಡನೆಯ ‘ಇನ್’. ಲ್ಯಾಟಿನ್‌ನಲ್ಲಿ ‘ಫ್ಲಾಮ್ಮಾ’ ಎಂದರೆ ಜ್ವಾಲೆ. ಅದರಿಂದ ‘ಇನ್‌ಫ್ಲಾಮ್ಮಾರೆ’, ಅಂದರೆ ಬೆಂಕಿ ಹೊತ್ತಿಸು, ಉರಿಯುವಂತೆ ಮಾಡು. ಅದೇ ಫ್ರೆಂಚ್ ದಾರಿಯಲ್ಲಿ ಬಂದು ಇಂಗ್ಲಿಷಿನ ‘ಇನ್‌ಫ್ಲೇಮ್’ ಆಯಿತು. ಅದಕ್ಕೆ ಸಾಧ್ಯತೆಯನ್ನು ಹೇಳುವ ‘ಏಬಲ್’ ಸೇರಿದಾಗ ಇನ್‌ಫ್ಲ್ಯಾಮಬಲ್: ಹೊತ್ತಿಸಬಹುದಾದದ್ದು. ಪದವನ್ನು ಎಲ್ಲಿ ಒಡೆಯುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ನಾವು ಅದನ್ನು ‘ಇನ್’ ಮತ್ತು ‘ಫ್ಲ್ಯಾಮಬಲ್’ ಎಂದು ಒಡೆಯುತ್ತೇವೆ. ಅದು ಕಟ್ಟಿಕೊಂಡಿರುವುದು ‘ಇನ್‌ಫ್ಲೇಮ್’ ಮತ್ತು ‘ಏಬಲ್’ ಎಂದು.

ಈ ತೊಡಕು ಇಂಗ್ಲಿಷಿನವರು ತಂದುಕೊಂಡದ್ದೂ ಅಲ್ಲ. ಲ್ಯಾಟಿನ್‌ನಲ್ಲೇ ‘ಇನ್‌ಫೆಕ್ಟುಸ್’ ಎಂಬ ಒಂದೇ ರೂಪಕ್ಕೆ ಎರಡು ಅರ್ಥಗಳಿದ್ದವು: ‘ಮಾಡದೇ ಉಳಿದದ್ದು’ ಮತ್ತು ‘ಬಣ್ಣ ಅಥವಾ ವಿಷದಲ್ಲಿ ಅದ್ದಿದ್ದು’. ಮೊದಲನೆಯದರಲ್ಲಿ ಇಲ್ಲ ಎನ್ನುವ ಇನ್, ಎರಡನೆಯದರಲ್ಲಿ ಒಳಗೆ ಎನ್ನುವ ಇನ್. ಇನ್‌ಫೆಕ್ಷನ್ ಎಂಬ ಪದ ಬಂದದ್ದು ಎರಡನೆಯದರಿಂದ.

ಉಚ್ಚಾರಣೆಯಲ್ಲಾದರೂ ಇವೆರಡೂ ಬೇರೆ ಬೇರೆ ಆಗುತ್ತವೆಯೇ ಎಂದು ನೋಡಿದರೆ ಅಲ್ಲೂ ನಿರಾಸೆ. ಮುಂದಿನ ವ್ಯಂಜನಕ್ಕೆ ತಕ್ಕಂತೆ ಎರಡೂ ಒಂದೇ ರೀತಿ ರೂಪ ಬದಲಿಸುತ್ತವೆ, ನಮ್ಮ ಸಂಧಿಯ ಹಾಗೆಯೇ. ಇಂಪಾಸಿಬಲ್‌ನಲ್ಲಿ ಇಲ್ಲ ಎನ್ನುವುದು ‘ಇಂ’ ಆಯಿತು, ಇಂಪೋರ್ಟ್‌ನಲ್ಲಿ ಒಳಗೆ ಎನ್ನುವುದೂ ‘ಇಂ’ ಆಯಿತು. ಇಲ್ಲೀಗಲ್ ಮತ್ತು ಇಲ್ಯುಮಿನೇಟ್, ಇರ್‌ರೆಗ್ಯುಲರ್ ಮತ್ತು ಇರಿಗೇಷನ್, ಎಲ್ಲ ಜೋಡಿಗಳಲ್ಲೂ ಇದೇ ಕಥೆ. ಕಾಗುಣಿತ ನೋಡಿ ಇದು ಯಾವ ‘ಇನ್’ ಎಂದು ಹೇಳಲು ಬರುವುದಿಲ್ಲ.

ಆದರೂ ಒಂದು ಪರೀಕ್ಷೆ ಇದೆ. ‘ಏಬಲ್’ ಅಥವಾ ‘ಇಬಲ್’ನಿಂದ ಮುಗಿಯುವ ಪದ ಸಿಕ್ಕಾಗ ಆ ಬಾಲವನ್ನು ಕತ್ತರಿಸಿ. ಉಳಿದದ್ದು ‘ಇನ್’ ಸಮೇತ ಒಂದು ಕ್ರಿಯಾಪದವಾಗಿ ಇಂಗ್ಲಿಷಿನಲ್ಲಿ ಇದೆಯೇ ನೋಡಿ. ಇದ್ದರೆ ಆ ‘ಇನ್’ ನಿಷೇಧದ್ದಲ್ಲ. ಇನ್‌ಫ್ಲೇಟ್ ಎಂಬ ಕ್ರಿಯಾಪದ ಇದೆ, ಆದ್ದರಿಂದ ಇನ್‌ಫ್ಲೇಟಬಲ್ ಅಂದರೆ ಗಾಳಿ ತುಂಬಿಸಬಹುದಾದದ್ದು. ಇನ್‌ಹ್ಯಾಬಿಟ್ ಇದೆ, ಆದ್ದರಿಂದ ಇನ್‌ಹ್ಯಾಬಿಟಬಲ್ ಅಂದರೆ ವಾಸಿಸಬಹುದಾದದ್ದು. ಇನ್‌ಫ್ಲೇಮ್ ಇದೆ, ಆದ್ದರಿಂದ ಇನ್‌ಫ್ಲ್ಯಾಮಬಲ್. ‘ಇನ್‌ಕ್ಯೂರ್’ ಎಂಬ ಕ್ರಿಯಾಪದ ಇಲ್ಲ, ಆದ್ದರಿಂದ ಇನ್‌ಕ್ಯೂರಬಲ್‌ನ ‘ಇನ್’ ನಿಷೇಧದ್ದೇ, ಅಂದರೆ ವಾಸಿಯಾಗದ್ದು. ‘ಇನ್‌ವ್ಯಾಲ್ಯೂ’ ಎಂಬುದೂ ಇಲ್ಲ. ಹಾಗಾಗಿ ಇನ್‌ವ್ಯಾಲ್ಯುಬಲ್ ಅಂದರೆ ಬೆಲೆ ಕಟ್ಟಲಾಗದ್ದು. ಇಲ್ಲಿ ನಿಷೇಧವಿದೆ, ಆದರೆ ಅದು ನಿಷೇಧಿಸುತ್ತಿರುವುದು ಬೆಲೆ ಕಟ್ಟುವ ಸಾಧ್ಯತೆಯನ್ನು, ಬೆಲೆಯನ್ನಲ್ಲ. ಕನ್ನಡಿಗರು ಇದಕ್ಕೆ ಎಡವಬೇಕಾಗಿಲ್ಲ, ನಮ್ಮ ‘ಅಮೂಲ್ಯ’ವೂ ಇದೇ ಅಚ್ಚಿನದು. ‘ಅನುತ್ತಮ’ ಇನ್ನೂ ಒಂದು ಹೆಜ್ಜೆ ಮುಂದೆ: ಉತ್ತಮವಲ್ಲದ್ದು ಎಂದು ಕಾಣುತ್ತದೆ, ಅರ್ಥ ಮಾತ್ರ ಯಾವುದಕ್ಕಿಂತ ಉತ್ತಮವಾದದ್ದು ಇನ್ನೊಂದು ಇಲ್ಲವೋ ಅದು ಎಂದು.

ಪರೀಕ್ಷೆ ಕೈಕೊಡುವ ಪದಗಳೂ ಇವೆ. ಇಂಪ್ರೆಗ್ನಬಲ್ ಎಂದರೆ ಭೇದಿಸಲಾಗದ, ವಶಪಡಿಸಿಕೊಳ್ಳಲಾಗದ ಕೋಟೆ. ಪಕ್ಕದಲ್ಲೇ ಇಂಪ್ರೆಗ್ನೇಟ್ ಎಂಬ ಕ್ರಿಯಾಪದ ಕೂತಿದೆ, ಆದರೆ ಅದಕ್ಕೂ ಇದಕ್ಕೂ ನಂಟಿಲ್ಲ. ಕೋಟೆಯ ಪದ ಬಂದದ್ದು ಹಿಡಿ, ತೆಗೆದುಕೋ ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ. ನಡುವಿನ ‘ಜಿ’ ಅಕ್ಷರ ಆಮೇಲೆ ನುಸುಳಿದ್ದು. ಇನ್‌ಫೇಮಸ್‌ಗೆ ಈ ಪರೀಕ್ಷೆ ಹೊಂದುವುದೇ ಇಲ್ಲ. ಅಲ್ಲಿರುವುದು ನಿಷೇಧದ ಇನ್‌ನೇ, ಆದರೂ ಅರ್ಥ ಪ್ರಸಿದ್ಧನಲ್ಲದವನು ಎಂದಲ್ಲ, ಕುಖ್ಯಾತ ಎಂದು. ಇನ್‌ಹ್ಯಾಬಿಟಬಲ್ ಅಂತೂ ಗಡಿ ದಾಟಿದ ಕೂಡಲೇ ತಿರುಗಿ ನಿಲ್ಲುತ್ತದೆ. ಅದೇ ಕಾಗುಣಿತದ ಫ್ರೆಂಚ್ ಪದಕ್ಕೆ ಇವತ್ತಿಗೂ ವಾಸಿಸಲಾಗದ ಎಂದೇ ಅರ್ಥ. 16ನೆಯ ಶತಮಾನದ ಇಂಗ್ಲಿಷಿನಲ್ಲೂ ಆ ಅರ್ಥ ಬಳಕೆಯಲ್ಲಿತ್ತು, ಆಮೇಲೆ ಬಿದ್ದುಹೋಯಿತು.

ಇನ್ನು ವಯಸ್ಸಿನ ಲೆಕ್ಕ. ಫ್ಲ್ಯಾಮಬಲ್ ಮೂಲ ಪದ, ಇನ್‌ಫ್ಲ್ಯಾಮಬಲ್ ಅದಕ್ಕೆ ಏನನ್ನೋ ಸೇರಿಸಿ ಮಾಡಿದ್ದು ಎಂದು ಅನ್ನಿಸುತ್ತದೆ. ಇತಿಹಾಸ ಇದಕ್ಕೆ ತದ್ವಿರುದ್ಧ. ಇನ್‌ಫ್ಲ್ಯಾಮಬಲ್ ಇಂಗ್ಲಿಷಿನಲ್ಲಿ ಮೊದಲು 15ನೆಯ ಶತಮಾನದಲ್ಲಿ, ವೈದ್ಯಕೀಯ ಬರವಣಿಗೆಯಲ್ಲಿ, ಉರಿಯೂತಕ್ಕೆ ತುತ್ತಾಗುವಂಥದ್ದು ಎಂಬ ಅರ್ಥದಲ್ಲಿ ಕಾಣಿಸಿಕೊಂಡಿತು. ಬೆಂಕಿ ಹತ್ತುವಂಥದ್ದು ಎಂಬ ಅರ್ಥ 1600ರ ಸುಮಾರಿಗೆ ಬಂತು. ಫ್ಲ್ಯಾಮಬಲ್ ಮೊದಲು ದಾಖಲಾದದ್ದು 1813ರಲ್ಲಿ. ಅಂದರೆ ಇನ್ನೂರು ವರ್ಷ ಇನ್‌ಫ್ಲ್ಯಾಮಬಲ್ ಒಂದೇ ಕೆಲಸ ಮಾಡಿಕೊಂಡಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಜೋಡಿ ಇಲ್ಲದಿದ್ದಾಗ ವಿರುದ್ಧಾರ್ಥದ ಅನುಮಾನ ಹುಟ್ಟುವುದಾದರೂ ಎಲ್ಲಿಂದ?

ಆ ಇನ್ನೂರು ವರ್ಷಗಳಲ್ಲಿ ಈ ಪದಕ್ಕೆ ರಸಾಯನಶಾಸ್ತ್ರದಲ್ಲಿ ದೊಡ್ಡ ಸ್ಥಾನವೇ ಸಿಕ್ಕಿತ್ತು. 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ಸತು, ಕಬ್ಬಿಣ, ತವರಗಳನ್ನು ಆಮ್ಲದಲ್ಲಿ ಹಾಕಿದಾಗ ಹೊರಬರುವ ಹಗುರವಾದ ಅನಿಲವನ್ನು ವಿವರಿಸಿದ. ಅವನು ಅದನ್ನು ಕರೆದದ್ದು ‘ಇನ್‌ಫ್ಲ್ಯಾಮಬಲ್ ಏರ್’ ಎಂದು. ಹೈಡ್ರೋಜನ್ ಎಂಬ ಹೆಸರು 1787ರ ಫ್ರೆಂಚ್ ನಾಮಕರಣ ಪದ್ಧತಿಯೊಂದಿಗೆ ನೆಲೆಯಾಯಿತು. 1776ರಲ್ಲಿ ಅಲೆಸ್ಸಾಂಡ್ರೋ ವೋಲ್ಟಾ ಮಜ್ಜೋರೆ ಸರೋವರದ ಜೌಗಿನ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ. ಅದು ನಾವು ಇಂದು ಮೀಥೇನ್ ಎನ್ನುವ ಅನಿಲ. ಅವನು ಇಟ್ಟ ಇಟಾಲಿಯನ್ ಹೆಸರಿನಲ್ಲೂ ‘ಇನ್‌ಫಿಯಾಮ್ಮಾಬಿಲೆ’ ಎಂಬ ಇದೇ ಪದವಿತ್ತು. ಹಳೆಯ ವಿಜ್ಞಾನ ಬರಹಗಳನ್ನು ಓದುವಾಗ ಇನ್‌ಫ್ಲ್ಯಾಮಬಲ್ ಏರ್ ಎಂದು ಕಂಡರೆ ಅದು ಯಾವ ಅನಿಲ ಎಂಬುದನ್ನು ಸಂದರ್ಭ ನೋಡಿಯೇ ನಿರ್ಧರಿಸಬೇಕು, ಏಕೆಂದರೆ ಉರಿಯುವ ಹಲವು ಅನಿಲಗಳಿಗೆ ಆಗ ಇದೊಂದೇ ಹೆಸರು.

1813ರಲ್ಲಿ ಹುಟ್ಟಿದ ಫ್ಲ್ಯಾಮಬಲ್ ನೂರು ವರ್ಷ ಮೂಲೆಯಲ್ಲೇ ಇತ್ತು. ಅದನ್ನು ಎತ್ತಿ ತಂದವರು ಭಾಷಾ ಪಂಡಿತರಲ್ಲ, ಬೆಂಕಿ ತಡೆಯುವವರು. 1896ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ಇನ್‌ಫ್ಲ್ಯಾಮಬಲ್ ಬಿಟ್ಟು ಫ್ಲ್ಯಾಮಬಲ್ ಬಳಸಿ ಎಂದು ಒತ್ತಾಯಿಸತೊಡಗಿತು. ಕಾರಣ ಸರಳ. ಡ್ರಮ್ಮಿನ ಮೇಲಿನ ಎಚ್ಚರಿಕೆ ಓದುವವನು ಲ್ಯಾಟಿನ್ ಓದಿಕೊಂಡಿರುವುದಿಲ್ಲ. ಅವನಿಗೆ ದಿನನಿತ್ಯ ಗೊತ್ತಿರುವುದು ಇನ್‌ಕರೆಕ್ಟ್, ಇನ್‌ಕಂಪ್ಲೀಟ್‌ಗಳ ‘ಇನ್’. ನೂರರಲ್ಲಿ ಒಬ್ಬ ತಪ್ಪು ತಿಳಿದುಕೊಂಡರೂ ಆ ಎಚ್ಚರಿಕೆ ಕೆಟ್ಟ ಎಚ್ಚರಿಕೆಯೇ. 1953ರಲ್ಲಿ ಬೇಗನೆ ಬೆಂಕಿ ಹತ್ತುವ ಬಟ್ಟೆಗಳನ್ನು ನಿಯಂತ್ರಿಸಲು ಅಮೆರಿಕ ಮಾಡಿದ ಕಾನೂನಿನ ಹೆಸರಿನಲ್ಲೇ ಫ್ಲ್ಯಾಮಬಲ್ ಬಂತು. ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ 1959ರಲ್ಲಿ ಇದೇ ನಿಲುವು ತಳೆದು, ಫ್ಲ್ಯಾಮಬಲ್ ಮತ್ತು ನಾನ್‌ಫ್ಲ್ಯಾಮಬಲ್ ಎಂಬ ಜೋಡಿಯನ್ನೇ ಪ್ರೋತ್ಸಾಹಿಸುವುದಾಗಿ ಹೇಳಿತು. ವ್ಯಾಕರಣದ ದೃಷ್ಟಿಯಿಂದ ಇನ್‌ಫ್ಲ್ಯಾಮಬಲ್‌ನಲ್ಲಿ ಯಾವ ದೋಷವೂ ಇಲ್ಲ. ಆದರೂ ನನ್ನ ಮತ ಬೆಂಕಿ ತಡೆಯುವವರಿಗೇ. ವ್ಯುತ್ಪತ್ತಿ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಎಚ್ಚರಿಕೆ ಯಾರಿಗೆ ಬೇಕು?

ಪದವೊಂದು ಬೆಂಕಿಗೆ ದಾರಿ ಮಾಡಿಕೊಡಬಹುದೇ ಎಂಬ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡಿದ್ದವನು ಬೆಂಜಮಿನ್ ಲೀ ವೋರ್ಫ್. ಭಾಷಾಶಾಸ್ತ್ರದಲ್ಲಿ ಈ ಹೆಸರು ಕೇಳದವರಿಲ್ಲ, ಆದರೆ ಅವನ ಹೊಟ್ಟೆಪಾಡಿನ ಕೆಲಸ ಬೇರೆ. ರಾಸಾಯನಿಕ ಎಂಜಿನಿಯರಿಂಗ್ ಓದಿ 1919ರಲ್ಲಿ ಹಾರ್ಟ್‌ಫರ್ಡ್ ಫೈರ್ ಇನ್‌ಶೂರೆನ್ಸ್ ಕಂಪನಿ ಸೇರಿದ ಅವನು 1941ರಲ್ಲಿ ಸಾಯುವವರೆಗೂ ಅಗ್ನಿ ಅಪಾಯ ಪರಿಶೀಲಿಸುವ ನೌಕರಿಯಲ್ಲೇ ಇದ್ದ. ಅವನು ಕೊಟ್ಟ ಉದಾಹರಣೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ‘ಖಾಲಿ’ ಪೆಟ್ರೋಲ್ ಡ್ರಮ್ಮುಗಳದ್ದು. ತುಂಬಿದ ಡ್ರಮ್ಮಿನ ಹತ್ತಿರ ಜನ ಹುಷಾರಾಗಿರುತ್ತಾರೆ. ಖಾಲಿ ಎಂದು ಬರೆದಿದ್ದರೆ ಅಲ್ಲೇ ನಿಂತು ಸಿಗರೇಟು ಹಚ್ಚುತ್ತಾರೆ. ಹೆಚ್ಚು ಅಪಾಯ ಇರುವುದು ಖಾಲಿಯದರಲ್ಲಿ. ಭಾಷೆಯೇ ಯೋಚನೆಯನ್ನು ರೂಪಿಸುತ್ತದೆ ಎಂಬ ಅವನ ದೊಡ್ಡ ವಾದಕ್ಕೆ ಇಷ್ಟು ಸಾಕ್ಷಿ ಸಾಲದು ಎಂದು ಆಮೇಲಿನವರು ಬೇಕಾದಷ್ಟು ತಕರಾರು ಎತ್ತಿದ್ದಾರೆ. ಅದು ಬೇರೆ ಚರ್ಚೆ. ಡ್ರಮ್ಮಿನ ವಿಷಯದಲ್ಲಿ ಅವನು ಹೇಳಿದ್ದು ಅಕ್ಷರಶಃ ನಿಜ.

ಯಾಕೆಂದರೆ ಉರಿಯುವುದು ಪೆಟ್ರೋಲ್ ದ್ರವವಲ್ಲ, ಅದರ ಆವಿ. ಆ ಆವಿಯೂ ಎಷ್ಟಿದ್ದರೂ ಉರಿಯುತ್ತದೆ ಎಂದಲ್ಲ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡ 1.4ಕ್ಕಿಂತ ಕಡಿಮೆ ಇದ್ದರೆ ಹೊತ್ತಿಕೊಳ್ಳಲು ಇಂಧನ ಸಾಲುವುದಿಲ್ಲ. ಶೇಕಡ 7.6ಕ್ಕಿಂತ ಹೆಚ್ಚಾದರೆ ಆಮ್ಲಜನಕ ಸಾಲುವುದಿಲ್ಲ. ಮುಚ್ಚಿದ, ತುಂಬಿದ ಡ್ರಮ್ಮಿನಲ್ಲಿ ದ್ರವದ ಮೇಲಿನ ಜಾಗದಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆ ಎಂದರೆ ಸಾಮಾನ್ಯ ಉಷ್ಣಾಂಶದಲ್ಲಿ ಅದು ಮೇಲಿನ ಮಿತಿಯನ್ನು ದಾಟಿರುತ್ತದೆ. ಬಗ್ಗಿಸಿ ಖಾಲಿ ಮಾಡಿ ಬಾಯಿ ತೆರೆದಿಟ್ಟ ಡ್ರಮ್ಮಿಗೆ ಗಾಳಿ ನುಗ್ಗುತ್ತದೆ, ಗೋಡೆಗೆ ಅಂಟಿದ ಪಸೆಯಿಂದ ಆವಿ ಏಳುತ್ತಲೇ ಇರುತ್ತದೆ, ಮಿಶ್ರಣ ನೇರವಾಗಿ ಆ 1.4 ಮತ್ತು 7.6ರ ನಡುವೆ ಬಂದು ನಿಲ್ಲುತ್ತದೆ. ಖಾಲಿ ಡ್ರಮ್ಮನ್ನು ಕತ್ತರಿಸಲೋ ಬೆಸುಗೆ ಹಾಕಲೋ ಹೋದಾಗ ಅದು ಸಿಡಿಯುವುದು ಈ ಕಾರಣಕ್ಕೆ. ತೊಳೆದು, ಒಳಗಿನ ಆವಿಯನ್ನು ಪೂರ್ತಿ ಹೊರಹಾಕಿ, ಮೀಟರಿನಲ್ಲಿ ಅಳೆದು ನೋಡದೆ ಅಂಥ ಡ್ರಮ್ಮಿಗೆ ಕಿಡಿ ತಾಗಿಸಬಾರದು.

ಇನ್‌ಫ್ಲ್ಯಾಮಬಲ್ ಇನ್ನೂ ಪೂರ್ತಿ ಮಾಯವಾಗಿಲ್ಲ. ಹಳೆಯ ಬರಹವನ್ನೇ ನಕಲು ಮಾಡಿಕೊಂಡು ಬಂದ ಟ್ಯಾಂಕರುಗಳ ಮೇಲೆ, ಗೋದಾಮುಗಳ ಗೋಡೆಯ ಮೇಲೆ ಅದು ಉಳಿದುಕೊಂಡಿದೆ. ಉಳಿಯಲು ಇನ್ನೊಂದು ಕಾರಣ ನೆರೆಯ ಭಾಷೆಗಳು. ಫ್ರೆಂಚಿನಲ್ಲಿ ಬೆಂಕಿ ಹತ್ತುವಂಥದ್ದಕ್ಕೆ ಇವತ್ತಿಗೂ ಇನ್‌ಫ್ಲ್ಯಾಮಬಲ್ ಕಾಗುಣಿತವೇ. ಸ್ಪ್ಯಾನಿಷ್, ಇಟಾಲಿಯನ್ ರೂಪಗಳೂ ‘ಇನ್’ನಿಂದಲೇ ಶುರುವಾಗುತ್ತವೆ. ಹೀಗಾಗಿ ಎರಡು ಭಾಷೆಯ ಲೇಬಲ್ಲಿನಲ್ಲಿ ಇಂಗ್ಲಿಷ್ ಸಾಲಿನಲ್ಲಿ ಫ್ಲ್ಯಾಮಬಲ್, ಅದರ ಕೆಳಗೇ ಫ್ರೆಂಚ್ ಸಾಲಿನಲ್ಲಿ ಇನ್‌ಫ್ಲ್ಯಾಮಬಲ್ ಎಂದು ಇರುತ್ತದೆ. ಒಂದೇ ಡಬ್ಬಿ ಎರಡು ಮಾತಾಡುತ್ತಿದೆ ಎಂದುಕೊಳ್ಳಬೇಡಿ. ಬೆಂಕಿ ಹತ್ತದ್ದಕ್ಕೆ ಫ್ರೆಂಚರು ಇನ್ನೊಂದು ‘ಇನ್’ ಸೇರಿಸಿ ‘ಇನ್‌ಇನ್‌ಫ್ಲ್ಯಾಮಬಲ್’ ಎನ್ನುತ್ತಾರೆ. ಅಲ್ಲಿ ಎರಡು ‘ಇನ್’ಗಳೂ ಅಕ್ಕಪಕ್ಕ ಕುಳಿತಿವೆ: ಮುಂದಿರುವುದು ಇಲ್ಲ ಎನ್ನುವುದು, ಹಿಂದಿರುವುದು ಹೊತ್ತಿಸುವುದು.

ಈಗ ಲೇಬಲ್ ಕೈಯಲ್ಲಿ ಹಿಡಿದವರಿಗೆ ಬೇಕಾದ ಮಾತು. ಫ್ಲ್ಯಾಮಬಲ್ ಎಂಬುದು ಬರೀ ವಿಶೇಷಣವಲ್ಲ, ಅದರ ಹಿಂದೆ ಅಳತೆ ಇದೆ. ದ್ರವಗಳಿಗೆ ಆ ಅಳತೆ ಫ್ಲ್ಯಾಷ್ ಪಾಯಿಂಟ್: ಕಿಡಿ ತಾಗಿಸಿದರೆ ಒಮ್ಮೆ ಭಗ್ ಎನ್ನುವಷ್ಟು ಆವಿ ದ್ರವದ ಮೇಲೆ ಸೇರುವ ಅತಿ ಕಡಿಮೆ ಉಷ್ಣಾಂಶ. ಪೆಟ್ರೋಲಿನದು ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್. ಉಗುರುಬಣ್ಣ ತೆಗೆಯುವ ಅಸಿಟೋನ್ ಮೈನಸ್ 20ರ ಆಸುಪಾಸು. ಶುದ್ಧ ಎಥೆನಾಲ್ ಸುಮಾರು 13. ಸ್ಯಾನಿಟೈಸರಿನಲ್ಲಿ ನೀರು ಬೆರೆತು ಎಥೆನಾಲ್ ಶೇಕಡ 70ಕ್ಕೆ ಇಳಿದರೂ ಫ್ಲ್ಯಾಷ್ ಪಾಯಿಂಟ್ ಏರುವುದು ಸುಮಾರು 17ಕ್ಕೆ, ಅಷ್ಟೇ. ನೀರು ಇದೆಯಲ್ಲ ಎಂದು ನಂಬಿ ಕೈ ಒಣಗುವ ಮೊದಲೇ ಒಲೆ ಹಚ್ಚುವುದು ಅಪಾಯ. ಡೀಸೆಲ್ ಸಾಮಾನ್ಯವಾಗಿ 50ಕ್ಕಿಂತ ಮೇಲೆ. ಅಡುಗೆ ಎಣ್ಣೆಗಳು 300ಕ್ಕೆ ಹತ್ತಿರ. ಈ ಸಂಖ್ಯೆ ಅಳೆಯುವ ಪಾತ್ರೆ ಮುಚ್ಚಿದ್ದೋ ತೆರೆದದ್ದೋ ಎಂಬುದರ ಮೇಲೂ ಬದಲಾಗುತ್ತದೆ. ತೆರೆದ ಪಾತ್ರೆಯಲ್ಲಿ ಆವಿ ಚದುರಿಹೋಗುವುದರಿಂದ ಸಂಖ್ಯೆ ಹೆಚ್ಚು ಬರುತ್ತದೆ. ಒಂದೇ ದ್ರವಕ್ಕೆ ಎರಡು ಕಡೆ ಎರಡು ಅಂಕಿ ಕಂಡರೆ ಮೊದಲು ನೋಡಬೇಕಾದ್ದು ಇದನ್ನು.

ವಿಶ್ವಸಂಸ್ಥೆಯ ಆಶ್ರಯದಲ್ಲಿ 2003ರಲ್ಲಿ ಮೊದಲ ಸಲ ಪ್ರಕಟವಾದ ಜಿಎಚ್‌ಎಸ್ ಎಂಬ ಜಾಗತಿಕ ವರ್ಗೀಕರಣ ಪದ್ಧತಿ ಇದನ್ನು ನಾಲ್ಕು ಮೆಟ್ಟಿಲು ಮಾಡಿದೆ. ಫ್ಲ್ಯಾಷ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ, ಕುದಿಯಲು ಆರಂಭಿಸುವುದು 35 ಡಿಗ್ರಿಯೊಳಗೆ ಎಂದಾದರೆ ಅದು ಮೊದಲ ವರ್ಗ, ಲೇಬಲ್ಲಿನಲ್ಲಿ ‘ಎಕ್ಸ್‌ಟ್ರೀಮ್ಲಿ ಫ್ಲ್ಯಾಮಬಲ್’. 34.6 ಡಿಗ್ರಿಗೇ ಕುದಿಯುವ ಡೈಎಥಿಲ್ ಈಥರ್ ಇಲ್ಲಿ ಬರುತ್ತದೆ. ಫ್ಲ್ಯಾಷ್ ಪಾಯಿಂಟ್ 23ಕ್ಕಿಂತ ಕಡಿಮೆಯೇ ಇದ್ದು ಕುದಿಬಿಂದು 35 ದಾಟಿದರೆ ಎರಡನೆಯ ವರ್ಗ, ‘ಹೈಲಿ ಫ್ಲ್ಯಾಮಬಲ್’. ಎಥೆನಾಲ್, ಅಸಿಟೋನ್ ಇಲ್ಲಿವೆ. 23ರಿಂದ 60ರವರೆಗೆ ಮೂರನೆಯದು, ಬರೀ ‘ಫ್ಲ್ಯಾಮಬಲ್’. 60 ದಾಟಿ 93ರವರೆಗೆ ನಾಲ್ಕನೆಯದು, ಅಲ್ಲಿಗೆ ಫ್ಲ್ಯಾಮಬಲ್ ಪದವೇ ಬಿದ್ದುಹೋಗಿ ‘ಕಂಬಸ್ಟಿಬಲ್’ ಬರುತ್ತದೆ, ಜ್ವಾಲೆಯ ಚಿತ್ರವೂ ಇರುವುದಿಲ್ಲ. ಯುರೋಪಿಯನ್ ಒಕ್ಕೂಟ ಈ ನಾಲ್ಕನೆಯ ವರ್ಗವನ್ನು ತೆಗೆದುಕೊಂಡೇ ಇಲ್ಲ. ಈ ನಾಲ್ಕಕ್ಕೂ ಕ್ರಮವಾಗಿ ಎಚ್ 224, ಎಚ್ 225, ಎಚ್ 226, ಎಚ್ 227 ಎಂಬ ಸಂಕೇತಗಳಿವೆ. ಲೇಬಲ್ಲಿನ ಭಾಷೆ ಯಾವುದೇ ಇರಲಿ, ಸಂಕೇತದ ಸಂಖ್ಯೆ ಬದಲಾಗುವುದಿಲ್ಲ. ‘ಇನ್’ ಇದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಸುರಕ್ಷತಾ ದಾಖಲೆಯಲ್ಲಿ ಈ ಸಂಖ್ಯೆಯನ್ನು ಹುಡುಕುವುದು ಎಲ್ಲಕ್ಕಿಂತ ಸಲೀಸು.

ಕಂಬಸ್ಟಿಬಲ್ ಬಂತಲ್ಲ, ನಿಜವಾಗಿ ವ್ಯತ್ಯಾಸ ಇರುವ ಜೋಡಿ ಅದು. ಸಾಮಾನ್ಯ ಮಾತಿನಲ್ಲಿ ಕಂಬಸ್ಟಿಬಲ್ ಅಂದರೆ ಉರಿಯಬಲ್ಲದ್ದು, ಆದರೆ ಹೊತ್ತಿಸಲು ಸ್ವಲ್ಪ ಶ್ರಮ ಬೇಕಾದದ್ದು. ಮರದ ದಿಮ್ಮಿ ಕಂಬಸ್ಟಿಬಲ್, ಅದನ್ನು ಯಾರೂ ಫ್ಲ್ಯಾಮಬಲ್ ಎನ್ನುವುದಿಲ್ಲ. ಅಮೆರಿಕದ ಅಗ್ನಿ ಸುರಕ್ಷತಾ ವರ್ಗೀಕರಣದಲ್ಲಿ ದ್ರವಗಳಿಗೆ ಈ ಗೆರೆ ಬಹುಕಾಲದಿಂದ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37.8 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಫ್ಲ್ಯಾಷ್ ಪಾಯಿಂಟ್ 45 ಡಿಗ್ರಿ ಇರುವ ಥಿನ್ನರ್ ಒಂದು ಪದ್ಧತಿಯಲ್ಲಿ ಫ್ಲ್ಯಾಮಬಲ್, ಇನ್ನೊಂದರಲ್ಲಿ ಕಂಬಸ್ಟಿಬಲ್. ಎರಡೂ ಸರಿ, ಗೆರೆ ಎಳೆದವರು ಬೇರೆ ಬೇರೆ. ಈ ಪದದ ಹುಟ್ಟೂ ಸ್ವಾರಸ್ಯದ್ದು. ಲ್ಯಾಟಿನ್‌ನಲ್ಲಿ ಸುಡು ಎಂಬುದಕ್ಕೆ ‘ಊರೆರೆ’, ಸುತ್ತ ಸುಡು ಎಂಬುದಕ್ಕೆ ‘ಅಂಬ್‌ಊರೆರೆ’. ಜನ ಇದನ್ನು ‘ಅಂ’ ಮತ್ತು ‘ಬೂರೆರೆ’ ಎಂದು ತಪ್ಪಾಗಿ ಒಡೆದುಕೊಂಡರು. ಆ ‘ಬ’ ಕಾರ ಹೀಗೆ ಕಂಬಸ್ಟಿಬಲ್‌ಗೆ ಬಂದು ಅಂಟಿತು ಎಂದು ವ್ಯುತ್ಪತ್ತಿಕಾರರು ವಿವರಿಸುತ್ತಾರೆ. ಪದವನ್ನು ತಪ್ಪು ಜಾಗದಲ್ಲಿ ಮುರಿಯುವ ಚಾಳಿ ನಮ್ಮೊಬ್ಬರದೇ ಅಲ್ಲ.

ನಾನ್‌ಫ್ಲ್ಯಾಮಬಲ್ ಎಂದು ಓದಿದ ಕೂಡಲೇ ನಿರಾಳವಾಗುವುದೂ ಬೇಡ. ಅಪಾಯಕಾರಿ ಸರಕುಗಳ ಸಾಗಣೆ ನಿಯಮದಲ್ಲಿ ಅನಿಲಗಳ 2.2 ಎಂಬ ಉಪವರ್ಗ ‘ನಾನ್‌ಫ್ಲ್ಯಾಮಬಲ್, ನಾನ್‌ಟಾಕ್ಸಿಕ್’ ಅನಿಲಗಳದ್ದು, ಹಸಿರು ಚೌಕದ ಗುರುತು. ಸಾರಜನಕ, ಇಂಗಾಲದ ಡೈಆಕ್ಸೈಡ್ ಇಲ್ಲಿರುವುದು ಸಹಜ. ಆದರೆ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಆಮ್ಲಜನಕವೂ ಇದೇ ಉಪವರ್ಗದಲ್ಲಿದೆ. ಲೆಕ್ಕಕ್ಕೆ ಅದು ಸರಿಯೇ, ಆಮ್ಲಜನಕ ತಾನು ಉರಿಯುವುದಿಲ್ಲ. ಪಕ್ಕದಲ್ಲಿ ಏನಿದೆಯೋ ಅದನ್ನು ಧಗಧಗ ಉರಿಸುತ್ತದೆ. ಹಾಗಾಗಿ ಆ ಸಿಲಿಂಡರಿಗೆ 5.1 ಎಂಬ ಇನ್ನೊಂದು ಗುರುತೂ ಇರಬೇಕು: ಹಳದಿ ಹಿನ್ನೆಲೆಯಲ್ಲಿ ವೃತ್ತದ ಮೇಲೆ ಕುಳಿತ ಜ್ವಾಲೆ. ಬರೀ ಜ್ವಾಲೆ ಇದ್ದರೆ ವಸ್ತುವೇ ಉರಿಯುತ್ತದೆ, ಜ್ವಾಲೆಯ ಕೆಳಗೆ ವೃತ್ತ ಇದ್ದರೆ ಅದು ಬೇರೆಯದನ್ನು ಉರಿಸುತ್ತದೆ. ಈ ಎರಡು ಚಿತ್ರಗಳನ್ನು ಒಂದೇ ಎಂದುಕೊಳ್ಳುವವರು, ಎರಡು ಪದಗಳನ್ನು ಬೇರೆ ಎಂದುಕೊಳ್ಳುವವರಷ್ಟೇ ಇದ್ದಾರೆ. ಆಮ್ಲಜನಕದ ವಾಲ್ವಿಗೆ ಎಣ್ಣೆ, ಗ್ರೀಸ್ ಸವರಬಾರದು ಎನ್ನುವುದು ಇದೇ ಕಾರಣಕ್ಕೆ.

ಬರೆಯುವವರಿಗೆ ಎರಡು ಮಾತು. ಕಾಗುಣಿತದಲ್ಲಿ ಎಡವುವುದು ‘ಎಂ’ ಅಕ್ಷರದ ಲೆಕ್ಕದಲ್ಲಿ. ಫ್ಲ್ಯಾಮಬಲ್, ಇನ್‌ಫ್ಲ್ಯಾಮಬಲ್, ಇನ್‌ಫ್ಲಮೇಷನ್ ಮೂರಕ್ಕೂ ಎರಡೆರಡು ‘ಎಂ’, ಏಕೆಂದರೆ ಅವು ಲ್ಯಾಟಿನ್ ರೂಪವನ್ನು ಹಿಡಿದುಕೊಂಡಿವೆ. ಫ್ಲೇಮ್ ಮತ್ತು ಇನ್‌ಫ್ಲೇಮ್‌ಗಳಿಗೆ ಒಂದೇ ‘ಎಂ’, ಅವು ಹಳೆಯ ಫ್ರೆಂಚಿನ ಹಾದಿಯಲ್ಲಿ ಬಂದವು. ಬೆಂಕಿಯ ಎಚ್ಚರಿಕೆ, ಸೂಚನಾಫಲಕ, ಉತ್ಪನ್ನದ ವಿವರ ಏನೇ ಬರೆಯುವಾಗಲೂ ಫ್ಲ್ಯಾಮಬಲ್ ಬಳಸಿ, ಅದರ ವಿರುದ್ಧಕ್ಕೆ ನಾನ್‌ಫ್ಲ್ಯಾಮಬಲ್. ‘ನಾನ್‌ಇನ್‌ಫ್ಲ್ಯಾಮಬಲ್’ ಕೂಡ ನಿಘಂಟಿನಲ್ಲಿ ಇದೆ, ತಪ್ಪಲ್ಲ, ಆದರೆ ಓದುವವನಿಗೆ ಎರಡು ನಿಷೇಧ ಒಟ್ಟಿಗೆ ಕಂಡಂತಾಗಿ ತಲೆಕೆಳಗಾಗುತ್ತದೆ.

ಇನ್‌ಫ್ಲ್ಯಾಮಬಲ್‌ಗೆ ಇಂದು ಉಳಿದಿರುವ ಸ್ವಂತ ಜಾಗ ಮನುಷ್ಯರ ಸ್ವಭಾವ, ಸನ್ನಿವೇಶಗಳದ್ದು. ಥಟ್ಟನೆ ಕೆರಳುವ ಮನಸ್ಸು, ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದಾದ ಗಡಿ ತಂಟೆ, ಇಂಥ ಕಡೆ ಅದೇ ಸರಿ ಹೊಂದುತ್ತದೆ, ಫ್ಲ್ಯಾಮಬಲ್ ಅಲ್ಲಿ ಸಪ್ಪೆ. ಉಳಿದ ನಂಟರಂತೂ ‘ಇನ್’ ಬಿಟ್ಟು ಇರಲಾರರು. ಗಂಟಲ ಉರಿಯೂತಕ್ಕೆ ಇನ್‌ಫ್ಲಮೇಷನ್ ಎನ್ನಲೇಬೇಕು, ಜನರನ್ನು ರೊಚ್ಚಿಗೆಬ್ಬಿಸುವ ಭಾಷಣಕ್ಕೆ ಇನ್‌ಫ್ಲಮೇಟರಿ ಎನ್ನಲೇಬೇಕು. ಅವುಗಳಿಂದಲೂ ‘ಇನ್’ ಕಿತ್ತುಹಾಕಿ ಎಂದು ಯಾವ ಅಗ್ನಿ ಸುರಕ್ಷತಾ ಸಂಸ್ಥೆಯೂ ಕೇಳಿಲ್ಲ.